ಮಳೆಗಾಲಕ್ಕೆ ಮೊದಲು: ವಿದುರನ ಮಾತಿನಂತೆ ಮನೆಯನ್ನು ಸಜ್ಜುಗೊಳಿಸುವ ಕ್ರಮ

ಮಹಾಭಾರತದ ಉದ್ಯೋಗಪರ್ವದಲ್ಲಿ ಪ್ರಜಾಗರವೆಂಬ ಒಂದು ಭಾಗವಿದೆ. ಆ ಪದಕ್ಕೆ ನಿದ್ದೆಯಿಲ್ಲದೆ ಎಚ್ಚರವಾಗಿರುವುದು ಎಂದೇ ಅರ್ಥ. ಪಾಂಡವರಲ್ಲಿಗೆ ಹೋಗಿ ಬಂದ ಸಂಜಯನು, ಅವರ ಮಾತನ್ನು ನಾಳೆ ಸಭೆಯಲ್ಲಿ ತಿಳಿಸುತ್ತೇನೆಂದು ಹೇಳಿ ಹೊರಟುಹೋದ ರಾತ್ರಿ ಧೃತರಾಷ್ಟ್ರನಿಗೆ ಕಣ್ಣು ಮುಚ್ಚಲಾಗುವುದಿಲ್ಲ. ಅವನು ವಿದುರನನ್ನು ಕರೆಸಿಕೊಳ್ಳುತ್ತಾನೆ. ಆ ರಾತ್ರಿ ವಿದುರನು ಹೇಳಿದ ಅನೇಕ ಮಾತುಗಳ ನಡುವೆ, ನಮ್ಮ ಕರಾವಳಿಯವರಿಗಾಗಿಯೇ ಹೇಳಿದಂತಿರುವ ಒಂದು ಶ್ಲೋಕ ಬರುತ್ತದೆ:

ದಿವಸೇನೈವ ತತ್ಕುರ್ಯಾದ್ ಯೇನ ರಾತ್ರೌ ಸುಖಂ ವಸೇತ್ |
ಅಷ್ಟಮಾಸೇನ ತತ್ಕುರ್ಯಾದ್ ಯೇನ ವರ್ಷಾಃ ಸುಖಂ ವಸೇತ್ ||

ರಾತ್ರಿ ಸುಖವಾಗಿರಲು ಬೇಕಾದುದನ್ನು ಹಗಲಿನಲ್ಲಿಯೇ ಮಾಡಬೇಕು. ಮಳೆಗಾಲದಲ್ಲಿ ಸುಖವಾಗಿರಲು ಬೇಕಾದುದನ್ನು ಉಳಿದ ಎಂಟು ತಿಂಗಳಲ್ಲಿ ಮಾಡಬೇಕು. ಮುಂದಿನ ಸಾಲುಗಳಲ್ಲಿ ಇದೇ ಮಾತು ಯೌವನ ಮತ್ತು ಮುಪ್ಪಿಗೆ, ಬದುಕು ಮತ್ತು ಅದರಾಚೆಗೆ ವಿಸ್ತರಿಸುತ್ತದೆ. ಸೋಮಾರಿತನವನ್ನು ಕುರಿತ ಸುಭಾಷಿತಗಳು ಸಂಸ್ಕೃತದಲ್ಲಿ ಬೇಕಾದಷ್ಟಿವೆ. ಮಲಗಿರುವ ಸಿಂಹದ ಬಾಯಿಗೆ ಜಿಂಕೆ ತಾನಾಗಿ ಬಂದು ಬೀಳುವುದಿಲ್ಲವೆಂಬುದನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಅಂಥ ಮಾತುಗಳು ಏಳು ಎಂದು ಎಬ್ಬಿಸುತ್ತವೆಯೇ ಹೊರತು, ಎದ್ದವನು ಯಾವ ಕೆಲಸಕ್ಕೆ ಮೊದಲು ಕೈಹಾಕಬೇಕೆಂದು ತಿಳಿಸುವುದಿಲ್ಲ. ವಿದುರನ ಶ್ಲೋಕದಲ್ಲಿ ಆ ಲೆಕ್ಕವೇ ಇದೆ. ಸುಖವಾಗಿರಬೇಕಾದ ಕಾಲ ಯಾವುದೆಂದು ಮೊದಲು ಗುರುತಿಸಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ, ಇಂದಿನ ಕೆಲಸ ಯಾವುದೆಂಬುದು ತಾನಾಗಿ ತಿಳಿಯುತ್ತದೆ ಎಂಬುದು ಅದರ ತಿರುಳು. ಆ ಲೆಕ್ಕವನ್ನು ಮಂಗಳೂರು ಮತ್ತು ಉಡುಪಿ ಕಡೆಯ ಒಂದು ಮನೆಯಲ್ಲಿ ನಡೆಸುವುದು ಹೇಗೆಂಬುದನ್ನು ಇಲ್ಲಿ ಬರೆದಿದ್ದೇನೆ.

ಹಿಂದಕ್ಕೆ ಎಣಿಸುವುದು

ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಇಷ್ಟು ಮಳೆಯನ್ನು ತಲೆಮಾರುಗಳಿಂದ ಕಂಡ ನಮ್ಮ ಹಿರಿಯರು ಎಣಿಕೆಗೆ ಬೇಕಾದ ಗಡುವುಗಳನ್ನು ಹಬ್ಬಗಳ ರೂಪದಲ್ಲಿ ಇಟ್ಟುಹೋಗಿದ್ದಾರೆ. ಏಪ್ರಿಲ್ 14 ಅಥವಾ 15ರಂದು ಬರುವ ಬಿಸು, ತುಳುವರ ಪಗ್ಗು ತಿಂಗಳ ಮೊದಲ ದಿನ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಸುಮಾರಿಗೆ ಪತ್ತನಾಜೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ಕೋಲ ನೇಮಗಳು ಆ ಋತುವಿಗೆ ಮುಗಿಯುತ್ತವೆ, ಊರಿಗೆ ಊರೇ ಗದ್ದೆಯ ಕಡೆಗೆ ತಿರುಗುತ್ತದೆ. ಬಿಸುವಿನಿಂದ ಪತ್ತನಾಜೆಯವರೆಗೆ ಇರುವುದು ಸುಮಾರು 40 ದಿನ. ಜುಲೈ ನಡುವಿನಲ್ಲಿ ಆಟಿ ತಿಂಗಳು ಹಿಡಿಯುತ್ತದೆ. ಹೊರಗೆ ದುಡಿಮೆಯಿಲ್ಲದೆ, ಕಣಜ ಬರಿದಾಗಿ, ಹಿಂದೆ ಮನೆಗಳು ಹಸಿವನ್ನು ಕಾಣುತ್ತಿದ್ದ ತಿಂಗಳದು. ಹೀಗಾಗಿ ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲು ಗುರುತು ಹಾಕಬೇಕಾದುದು ಆಟಿಗೆ, ಅನಂತರ ಪತ್ತನಾಜೆಗೆ, ಕೊನೆಗೆ ಬಿಸುವಿಗೆ. ಕೆಲಸ ಮಾಡುವುದು ಈ ಕ್ರಮದ ತಿರುವುಮುರುವಿನಲ್ಲಿ.

ಹಿಂದಕ್ಕೆ ಎಣಿಸುವುದರ ದೊಡ್ಡ ಪಾಠ ಉಡುಪಿಯಲ್ಲಿಯೇ ಇದೆ. ಶ್ರೀಕೃಷ್ಣಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು, ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಪರ್ಯಾಯವೆಂಬ ಈ ಸರದಿಯನ್ನು ವಹಿಸಿಕೊಳ್ಳುವ ಮಠವು ಅದಕ್ಕೆ ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತವನ್ನು ಮಾಡುತ್ತದೆ. ಆ ಮೇಲೆ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಕೊನೆಗೆ ಭತ್ತ ಮುಹೂರ್ತ. ಎರಡು ವರ್ಷ ಪ್ರತಿದಿನವೂ ನಡೆಯಬೇಕಾದ ಅನ್ನದಾನಕ್ಕೆ ಎಲೆ ಬೇಕು, ಅಕ್ಕಿ ಬೇಕು, ಒಣಗಿದ ಸೌದೆ ಬೇಕು. ಬಾಳೆಯ ಕಂದು ನೆಟ್ಟು ಗೊನೆ ಬರುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುವುದರಿಂದ ಅದೇ ಮೊದಲಿನದು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ರಥದ ಆಕಾರದಲ್ಲಿ ಒಟ್ಟಿದ ಆ ಸೌದೆಯನ್ನು ನೋಡಿದಾಗಲೆಲ್ಲ, ಹೆಚ್ಚು ಕಾಲ ಬೇಡುವ ಕೆಲಸವನ್ನು ಎಲ್ಲಕ್ಕಿಂತ ಮೊದಲು ಆರಂಭಿಸಬೇಕೆಂಬ ನಿಯಮವು ಕಣ್ಣೆದುರು ನಿಂತಂತೆ ನನಗೆ ತೋರುತ್ತದೆ.

ಬಿಸಿಲು ಬೇಕಾದ ಕೆಲಸಗಳು

ಮನೆಯ ಕೆಲಸಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದರೆ ಅದರ ಉದ್ದವನ್ನು ನೋಡಿಯೇ ಕೈ ಸೋಲುತ್ತದೆ. ಬದಲಿಗೆ ಪ್ರತಿ ಕೆಲಸದ ಮುಂದೆಯೂ ಒಂದು ಪ್ರಶ್ನೆಯನ್ನು ಇಡಿ: ಇದಕ್ಕೆ ಬೇಕಾದುದು ಬಿಸಿಲೋ, ಬೇರೆಯವರ ಕೈಯೋ, ಅಥವಾ ನನ್ನ ಕೈ ಮಾತ್ರವೋ? ಬಿಸಿಲು ಬೇಕಾದ ಕೆಲಸ ಮೊದಲಿನದು. ಬೇರೆಯವರ ಕೈ ಬೇಕಾದುದು ಎರಡನೆಯದು. ನಮ್ಮ ಕೈಯೊಂದೇ ಸಾಕಾಗುವ ಕೆಲಸ ಕೊನೆಗೆ ಬಂದರೂ ನಡೆಯುತ್ತದೆ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧ. ಸುಲಭವಾಗಿ ಆಗುವುದನ್ನು ಮೊದಲು ಮುಗಿಸಿ, ಕೆಲಸ ಸಾಗಿತೆಂಬ ಸಮಾಧಾನದಲ್ಲಿ ಬಿಸಿಲನ್ನು ಕಳೆದುಕೊಳ್ಳುತ್ತೇವೆ. ಏಪ್ರಿಲ್‌ನ ಮಧ್ಯಾಹ್ನವೊಂದರಲ್ಲಿ ನಾನು ನೆರಳಿನಲ್ಲಿ ಕುಳಿತು ಹಳೆಯ ಪತ್ರಗಳನ್ನು ಜೋಡಿಸುತ್ತಿದ್ದಾಗ ನಮ್ಮ ದೊಡ್ಡಮ್ಮ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಅದನ್ನು ಮಳೆಗೆ ಕೂತು ಮಾಡ್ಲಿಕ್ಕೆ ಆಗ್ತದೆ ಮಗಾ. ಬಿಸಿಲನ್ನು ಆಟಿಯಲ್ಲಿ ಕರೆದು ತರ್ಲಿಕ್ಕೆ ಆಗ್ತದಾ?"

ಸೌದೆಯಿಂದ ಆರಂಭಿಸಿ. ಬಚ್ಚಲುಮನೆಯ ಹಂಡೆಗೆ ಈಗಲೂ ಕಟ್ಟಿಗೆ ಉರಿಸುವ ಮನೆಗಳು ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಮರವನ್ನು ಜನವರಿ, ಫೆಬ್ರವರಿಯಲ್ಲಿಯೇ ಕಡಿದು ಸೀಳಿ ಹರಡಿದರೆ ಏಪ್ರಿಲ್ ಮುಗಿಯುವ ಹೊತ್ತಿಗೆ ಒಳಗಿನ ತೇವವೂ ಹೋಗುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ. ಒಣಗಿದ್ದರೆ ಟಣ್ಣೆಂಬ ಸದ್ದು ಬರುತ್ತದೆ, ಹಸಿಯಾಗಿದ್ದರೆ ಸದ್ದು ಮಂಕಾಗಿರುತ್ತದೆ. ಕೊಟ್ಟಿಗೆಯಲ್ಲಿ ಒಟ್ಟುವಾಗ ಕೆಳಗೆ ಕಲ್ಲನ್ನೋ ಅಡಿಕೆ ಮರದ ತುಂಡುಗಳನ್ನೋ ಹಾಸಿ, ಸೌದೆ ನೆಲಕ್ಕೆ ತಾಗದಂತೆ, ಗೋಡೆಗೂ ಒಟ್ಟಿಗೂ ನಡುವೆ ಗಾಳಿಯಾಡುವಷ್ಟು ಅಂತರ ಬಿಟ್ಟು ಜೋಡಿಸಬೇಕು. ತೆಂಗಿನ ಗರಿಯ ಮಡಲು, ಸೋಗೆ, ಸಿಪ್ಪೆ, ಗೆರಟೆಗಳನ್ನು ಒಲೆ ಹೊತ್ತಿಸುವುದಕ್ಕೆಂದು ಬೇರೆಯಾಗಿ ಇಡಿ. ಜುಲೈಯ ಬೆಳಗಿನಲ್ಲಿ ಬೇಕಾಗುವುದು ಮೊದಲು ಅವೇ.

ಇನ್ನು ಅಡುಗೆಮನೆ. ಇಲ್ಲಿ ನಮ್ಮ ಹೆಂಗಸರ ಮುಂದಾಲೋಚನೆಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಹೇರಳವಾಗಿ ಬಂದು ಕೊಳೆತುಹೋಗುವ ಹಲಸನ್ನು ಅವರು ಆಟಿಯ ಊಟವನ್ನಾಗಿ ಮಾಡಿದರು. ಬಲಿತ, ಆದರೆ ಹಣ್ಣಾಗದ ಹಲಸಿನ ಸೊಳೆಗಳನ್ನು ಬಿಡಿಸಿ, ಭರಣಿಯಲ್ಲಿ ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು ಎಂಬಂತೆ ತುಂಬಿ, ಮೇಲೆ ಭಾರವಿಟ್ಟು ಬಾಯಿ ಕಟ್ಟಿದರೆ ಉಪ್ಪುಸೊಳೆ ಸಿದ್ಧ. ತುಳುವಿನಲ್ಲಿ ಇದೇ ಉಪ್ಪಡ್ ಪಚ್ಚಿಲ್. ಮಳೆಗಾಲದಲ್ಲಿ ಬೇಕಾದಷ್ಟನ್ನು ತೆಗೆದು, ನೀರಿನಲ್ಲಿ ನೆನೆಸಿ ಉಪ್ಪು ಬಿಡಿಸಿಕೊಂಡು ಪಲ್ಯಕ್ಕೂ ರೊಟ್ಟಿಗೂ ಬಳಸುತ್ತಾರೆ. ಒದ್ದೆ ಕೈಯನ್ನು ಭರಣಿಗೆ ಹಾಕಬಾರದು, ಸೊಳೆಗಳು ಮೇಲಕ್ಕೆ ತೇಲಿ ಗಾಳಿಗೆ ತೆರೆದುಕೊಳ್ಳಬಾರದು. ಈ ಎರಡರಲ್ಲಿ ತಪ್ಪಿದರೆ ಮಾತ್ರ ಅದು ಕೆಡುವುದು. ಹಲಸಿನ ಹಪ್ಪಳಕ್ಕೆ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ತಟ್ಟಿ ಒಣಗಿಸಬೇಕು. ಒಂದು ದಿನದ ಬಿಸಿಲಿಗೆ ಅದು ಒಣಗಿದಂತೆ ಕಂಡರೂ ನಂಬಬೇಡಿ. ಮುರಿದರೆ ಪಟ್ಟೆಂದು ಮುರಿಯುವವರೆಗೆ ಇನ್ನೆರಡು ದಿನ ಬಿಸಿಲು ತೋರಿಸಿ, ಬಿಸಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಹಲಸಿನ ಬೀಜಗಳನ್ನು ಕೆಂಪು ಮಣ್ಣು ಸವರಿ ತಂಪು ಮೂಲೆಯಲ್ಲಿ ಇಡುವ ಕ್ರಮವಿದೆ. ಪುನರ್ಪುಳಿಯ ಸಿಪ್ಪೆ, ಮಾವಿನ ಮಿಡಿ, ಹುಣಸೆ, ಸಂಡಿಗೆ, ಮೆಣಸು, ಇವೆಲ್ಲ ಬಿಸುವಿನ ಆಚೀಚಿನ ಕೆಲಸಗಳು. ಮೀನು ತಿನ್ನುವ ಮನೆಗಳಿಗೆ ಇನ್ನೊಂದು ಲೆಕ್ಕವಿದೆ: ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆದ್ದರಿಂದ ಒಣಮೀನನ್ನು ಮೇ ಮುಗಿಯುವ ಮೊದಲೇ ತಂದು, ಮತ್ತೊಮ್ಮೆ ಬಿಸಿಲಿಗೆ ಹಾಕಿ ಕಟ್ಟಿಡಬೇಕು. ಮಲ್ಪೆಯ ಬಂದರಿನಲ್ಲಿಯೂ ಮಂಗಳೂರಿನ ದಕ್ಕೆಯಲ್ಲಿಯೂ ದೋಣಿಗಳು ಸಾಲಾಗಿ ನಿಂತಿರುವ ಆ ಎರಡು ತಿಂಗಳು ಮೀನುಗಾರರಿಗೆ ವಿರಾಮದ ಕಾಲವಲ್ಲ; ಬಲೆ ಹೆಣೆಯುವುದೂ ಎಂಜಿನ್ ದುರಸ್ತಿಯೂ ನಡೆಯುವುದು ಆಗಲೇ. ಆಗಸ್ಟಿನ ಕಡಲಿಗೆ ಬೇಕಾದ ತಯಾರಿ ಅದು.

ಬೇರೆಯವರ ಕೈ ಬೇಕಾದ ಕೆಲಸಗಳು

ಮಾಡು, ಅಂದರೆ ಮನೆಯ ಚಾವಣಿ, ಸರಿಮಾಡುವವರು, ಮರ ಹತ್ತುವವರು, ತೋಟಕ್ಕೆ ಮದ್ದು ಬಿಡುವವರು ಊರಿಗೆ ನಾಲ್ಕೋ ಐದೋ ಜನ ಇರುತ್ತಾರೆ, ಅವರನ್ನು ಕರೆಯುವ ಮನೆಗಳು ನೂರು. ಪತ್ತನಾಜೆಯ ವಾರದಲ್ಲಿ ಎಲ್ಲರೂ ಅವರನ್ನೇ ಹುಡುಕುತ್ತಾರೆ. ಬಿಸುವಿಗೆ ಮೊದಲೇ ಹೋಗಿ ದಿನ ಗೊತ್ತು ಮಾಡಿಕೊಂಡು ಬಂದರೆ ಕೆಲಸದ ಅರ್ಧ ಮುಗಿದಂತೆ.

ಹಂಚಿನ ಮಾಡಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸುವುದಕ್ಕೆ ಮುಂಚೆ ಇಲ್ಲಿನ ಹೆಚ್ಚಿನ ಮನೆಗಳು ಹುಲ್ಲಿನ, ಮಡಲಿನ ಮಾಡಿನವು. ಅವನ್ನು ಮಳೆಗೆ ಮೊದಲು ಹೊಸದಾಗಿ ಹೊದೆಸದಿದ್ದರೆ ಮನೆಯೊಳಗೆ ಇರುವಂತೆಯೇ ಇರಲಿಲ್ಲ. ಹಾಗಾಗಿ ಆ ಕೆಲಸವನ್ನು ಮುಂದೂಡುವ ಪ್ರಶ್ನೆಯೂ ಇರಲಿಲ್ಲ. ಹಂಚು ಬಂದ ಮೇಲೆ ಆ ಒತ್ತಾಯ ಸಡಿಲವಾಯಿತು, ತಾರಸಿ ಬಂದ ಮೇಲೆ ಇಲ್ಲವೇ ಆಯಿತು. ಸೌಕರ್ಯವು ಬಂದಾಗ ಕೆಲಸವು ಕಡಿಮೆಯಾಗುವುದು ಒಳ್ಳೆಯದೇ. ಆದರೆ ಕೆಲಸವನ್ನು ನೆನಪಿಸುವ ಗಂಟೆಯೂ ಅದರೊಂದಿಗೆ ನಿಂತುಹೋಗುತ್ತದೆಯಾದ್ದರಿಂದ ನಾವೇ ಆ ಗಂಟೆಯನ್ನು ಬಾರಿಸಿಕೊಳ್ಳಬೇಕಾಗುತ್ತದೆ. ಮೇ ಮೊದಲ ವಾರದಲ್ಲಿ ಹಂಚಿನ ಮೇಲಿನ ಎಲೆ, ಪಾಚಿಗಳನ್ನು ತೆಗೆಸಿ, ಒಡೆದವನ್ನು ಬದಲಿಸಿ, ಮಾಡು ಎರಡು ಕಡೆಯಿಂದ ಕೂಡುವ ಮೂಲೆಗಳಲ್ಲಿರುವ ತಗಡನ್ನು ಕಸವಿಲ್ಲದಂತೆ ತೊಳೆಸಿ. ಹೆಚ್ಚಿನ ಸೋರಿಕೆ ಆರಂಭವಾಗುವುದು ಆ ಮೂಲೆಗಳಲ್ಲಿ. ಹಂಚುಗಳನ್ನು ತೆಗೆದಿರುವಾಗಲೇ ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳನ್ನು ಚೂರಿಯ ತುದಿಯಿಂದ ಚುಚ್ಚಿ ನೋಡಿ. ತುದಿ ಸಲೀಸಾಗಿ ಒಳಗೆ ಹೋದರೆ ಮರ ಲಡ್ಡಾಗಿದೆ, ಒಳಗೇ ಕೊಳೆತಿದೆ ಎಂದರ್ಥ.

ಅಡಿಕೆ ತೋಟವಿರುವವರು ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಬಿಡಿಸಬೇಕು, 40ರಿಂದ 45 ದಿನಗಳ ಅನಂತರ ಇನ್ನೊಮ್ಮೆ. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು. ಇದಕ್ಕೆ ಕಬ್ಬಿಣದ ಪಾತ್ರೆ ಆಗದು. ಹೊಳೆಯುವ ಚೂರಿಯೊಂದನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅದರ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣ ಸೇರಿಸಿ; ಹದವಾದ ದ್ರಾವಣವನ್ನು ಅದೇ ದಿನ ಬಳಸಿ ಮುಗಿಸಿ. ಈ ರೋಗದ ವಿಷಯದಲ್ಲಿ ವಿದುರನ ಮಾತು ಅಕ್ಷರಶಃ ನಿಜ: ಉದುರಲಾರಂಭಿಸಿದ ಕಾಯಿಗೆ ಮದ್ದಿಲ್ಲ, ಉದುರುವ ಮೊದಲಿನ ಮದ್ದು ಮಾತ್ರ ಇದೆ. ತೋಟದ ಕಣಿಗಳ ಹೂಳೆತ್ತುವ ಕೆಲಸವನ್ನೂ ಇದೇ ಆಳುಗಳಿಗೆ ಇದೇ ದಿನಗಳಲ್ಲಿ ಒಪ್ಪಿಸಬಹುದು.

ಪೇಟೆಯ ಫ್ಲ್ಯಾಟಿನಲ್ಲಿರುವವರ ಪಟ್ಟಿ ಚಿಕ್ಕದು: ಬಾಲ್ಕನಿಯ ನೀರು ಹೋಗುವ ಕಿಂಡಿ, ಇನ್ವರ್ಟರಿನ ಬ್ಯಾಟರಿ, ವಾಹನದ ಟಯರು ಮತ್ತು ವೈಪರು, ನಿತ್ಯ ಸೇವಿಸುವ ಮದ್ದಿನ ಒಂದು ತಿಂಗಳ ಹೆಚ್ಚುವರಿ ದಾಸ್ತಾನು, ನೀರು ತಾಗದ ಚೀಲದಲ್ಲಿ ಕಾಗದಪತ್ರ. ಇವುಗಳಲ್ಲಿ ಎಲೆಕ್ಟ್ರಿಷಿಯನ್ನೂ ಮೆಕ್ಯಾನಿಕ್ಕೂ ಬೇಕಾದುವನ್ನು ಮೊದಲು ಮುಗಿಸಿ.

ಕೈ ಏಳದಿದ್ದಾಗ

ಪಟ್ಟಿಯೂ ದಿನಾಂಕವೂ ಇದ್ದು ಕೆಲಸ ಮಾತ್ರ ಆಗದಿದ್ದರೆ ಮತ್ತೆ ವಿದುರನ ಬಳಿಗೆ ಹೋಗಬೇಕು. ಏಳಿಗೆಯನ್ನು ಬಯಸುವವನು ಬಿಡಬೇಕಾದ ಆರು ದೋಷಗಳನ್ನು ಅವನು ಹೆಸರಿಸುತ್ತಾನೆ: ನಿದ್ರೆ, ತೂಕಡಿಕೆ, ಭಯ, ಕೋಪ, ಆಲಸ್ಯ, ದೀರ್ಘಸೂತ್ರತೆ. ಇದರಲ್ಲಿ ಗಮನಿಸಬೇಕಾದುದೆಂದರೆ ಆಲಸ್ಯವನ್ನೂ ದೀರ್ಘಸೂತ್ರತೆಯನ್ನೂ, ಅಂದರೆ ಇವತ್ತಿನದನ್ನು ನಾಳೆಗೆ ಎಳೆಯುವ ಗುಣವನ್ನೂ, ಅವನು ಬೇರೆ ಬೇರೆಯಾಗಿ ಎಣಿಸಿದ್ದಾನೆ. ಭಯವನ್ನೂ ಅವುಗಳ ಪಕ್ಕದಲ್ಲಿಯೇ ಇಟ್ಟಿದ್ದಾನೆ. ದಿನವಿಡೀ ಬೆವರು ಸುರಿಸಿ ದುಡಿಯುವವನೂ ಒಂದು ನಿರ್ದಿಷ್ಟ ಕೆಲಸವನ್ನು ತಿಂಗಳುಗಟ್ಟಲೆ ಮುಂದೂಡುತ್ತಿರಬಹುದು. ಅವನನ್ನು ಸೋಮಾರಿ ಎಂದು ಬೈದರೆ ಬೈಗುಳವೂ ತಪ್ಪು, ಮದ್ದೂ ತಪ್ಪು.

ಇದನ್ನು ನಾನು ನನ್ನ ಮನೆಯ ಮಾಡಿನಿಂದ ಕಲಿತೆ. ಒಂದು ವರ್ಷ ಉಳಿದೆಲ್ಲ ಕೆಲಸಗಳನ್ನೂ ಮುಗಿಸಿ, ಸೌದೆ ಕೊಟ್ಟಿಗೆಯ ಮಾಡನ್ನು ಮಾತ್ರ ಹತ್ತಿ ನೋಡಲಿಲ್ಲ. ಬಿಡುವಿರಲಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವಾಗಿ ಇದ್ದುದು ಭಯ: ಒಂದು ಪಕ್ಕಾಸು ಬಾಗಿದ್ದು ಕೆಳಗಿನಿಂದಲೇ ಕಾಣುತ್ತಿತ್ತು, ಹತ್ತಿ ನೋಡಿದರೆ ಎಷ್ಟು ಖರ್ಚು ಎದುರಾಗುತ್ತದೋ ಎಂದು ಕಣ್ಣು ತಪ್ಪಿಸುತ್ತಿದ್ದೆ. ಜುಲೈಯ ಒಂದು ರಾತ್ರಿ ಆ ಪಕ್ಕಾಸು ಮುರಿದು, ಹಂಚಿನೊಂದಿಗೆ ಸೌದೆಯ ಒಟ್ಟಿನ ಮೇಲೆ ಬಿತ್ತು. ಮರ ಬದಲಿಸುವ ಖರ್ಚು ಹೇಗೂ ಆಯಿತು. ಒದ್ದೆಯಾದ ಸೌದೆಯ ಹೊಗೆಯಲ್ಲಿ ಮನೆಯವರು ಎರಡು ತಿಂಗಳು ಕಣ್ಣೀರು ಸುರಿಸಿದ್ದು ಹೆಚ್ಚುವರಿ.

ಆದ್ದರಿಂದ ಮೊದಲು ದೋಷವನ್ನು ಗುರುತಿಸಿ, ಆ ಮೇಲೆ ಮದ್ದು. ಭಯವಿದ್ದರೆ ಕೆಲಸವನ್ನು ಮಾಡುವ ಸಂಕಲ್ಪ ಬೇಡ, ಹೋಗಿ ನೋಡಿ ಬರುವ ಸಂಕಲ್ಪ ಸಾಕು. ಕಂಡ ಹಾನಿ ಊಹಿಸಿದ ಹಾನಿಗಿಂತ ಬಹುತೇಕ ಚಿಕ್ಕದಾಗಿರುತ್ತದೆ. ಕೋಪವಿದ್ದರೆ, ಅಂದರೆ ಇದು ತಮ್ಮನ ಪಾಲಿನ ಕೆಲಸ, ನಾನೇಕೆ ಮಾಡಬೇಕೆಂಬ ಮಾತು ಒಳಗೆ ಕುದಿಯುತ್ತಿದ್ದರೆ, ಕೆಲಸಕ್ಕೆ ಮೊದಲು ಆ ಮಾತನ್ನು ಎದುರು ಕುಳಿತು ಮುಗಿಸಿಕೊಳ್ಳಿ. ನಿದ್ರೆ, ತೂಕಡಿಕೆಗಳು ರಾತ್ರಿ ಬೇಗ ಮಲಗುವುದರಿಂದ ಬಹುಮಟ್ಟಿಗೆ ಹೋಗುತ್ತವೆ. ಹೋಗದಿದ್ದರೆ ವೈದ್ಯರಿಗೆ ತೋರಿಸಿ, ಏಕೆಂದರೆ ರಕ್ತ ಕಡಿಮೆಯಾದವರನ್ನು ಸೋಮಾರಿಗಳೆಂದು ಕರೆದು ನೋಯಿಸಿದ ಮನೆಗಳನ್ನು ನಾನು ಬಲ್ಲೆ. ದೀರ್ಘಸೂತ್ರತೆಗೆ ಶ್ಲೋಕದ ಮೊದಲ ಸಾಲೇ ಮದ್ದು: ಹಗಲಿನಲ್ಲಿ ಯಾವುದನ್ನು ಮಾಡಿದರೆ ಈ ರಾತ್ರಿ ನೆಮ್ಮದಿಯಿಂದ ಮಲಗಬಹುದೋ ಆ ಒಂದು ಕೆಲಸವನ್ನು ಹಿಂದಿನ ಸಂಜೆಯೇ ಗೊತ್ತುಮಾಡಿ, ಅದಕ್ಕೆ ಬೇಕಾದ ಏಣಿ, ಕತ್ತಿ, ಹಗ್ಗಗಳನ್ನು ಜಗಲಿಯಲ್ಲಿ ತಂದಿಟ್ಟು ಮಲಗಿ. ಇನ್ನುಳಿದದ್ದು ಅಪ್ಪಟ ಆಲಸ್ಯ. ಅದಕ್ಕೆ ಜೊತೆಗಾರನೇ ಮದ್ದು. ಒಬ್ಬನೇ ಏಳದವನು ಎದುರುಮನೆಯವನು ಬಂದು ಅಂಗಳದಲ್ಲಿ ನಿಂತರೆ ಏಳುತ್ತಾನೆ. ಕ್ರೈಸ್ತರ ಬೈಬಲಿನಲ್ಲಿರುವ ಜ್ಞಾನೋಕ್ತಿಗಳ ಆರನೆಯ ಅಧ್ಯಾಯವು ಸೋಮಾರಿಯನ್ನು ಇರುವೆಯ ಬಳಿಗೆ ಕಳುಹಿಸುತ್ತದೆ. ಯಜಮಾನನಾಗಲೀ ಮೇಲ್ವಿಚಾರಕನಾಗಲೀ ಇಲ್ಲದೆಯೂ ಅದು ಬೇಸಿಗೆಯಲ್ಲಿ ತನ್ನ ಆಹಾರವನ್ನು ಕೂಡಿಸುತ್ತದೆಯೆಂದು ಹೇಳುತ್ತದೆ. ಅದು ಮುಟ್ಟಬೇಕಾದ ಎತ್ತರ ನಿಜ. ಅಲ್ಲಿಯವರೆಗೆ ನೆರೆಯವರ ನೆರವನ್ನು ಪಡೆಯುವುದರಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲ.

ಲೆಕ್ಕ ತಪ್ಪಿದಾಗ

ಶಾಂತಿಪರ್ವದಲ್ಲಿ ಭೀಷ್ಮನು ಯುಧಿಷ್ಠಿರನಿಗೆ ಮೂರು ಮೀನುಗಳ ಕಥೆಯನ್ನು ಹೇಳುತ್ತಾನೆ. ಬೆಸ್ತರು ಕೊಳದ ನೀರನ್ನು ಹೊರಗೆ ಹರಿಸಲಾರಂಭಿಸಿದಾಗ ಮುಂದಾಲೋಚನೆಯ ಮೀನು ಕಾಲುವೆಯ ಮೂಲಕ ಬೇರೆ ನೀರಿಗೆ ಹೊರಟುಹೋಗುತ್ತದೆ. ಎರಡನೆಯದು ಉಳಿದು ಸಿಕ್ಕಿಬೀಳುತ್ತದೆ. ಆದರೆ ಪೋಣಿಸಿದ ಮೀನುಗಳ ನಡುವೆ ಹಗ್ಗವನ್ನು ತಾನೇ ಬಾಯಲ್ಲಿ ಕಚ್ಚಿ ಹಿಡಿದು, ಬೆಸ್ತರು ನೀರಿನಲ್ಲಿ ತೊಳೆಯುವಾಗ ಬಿಟ್ಟು ಪಾರಾಗುತ್ತದೆ. ದೀರ್ಘಸೂತ್ರಿಯಾದ ಮೂರನೆಯದು ಸಾಯುತ್ತದೆ. ಮೊದಲಿನ ಎರಡೂ ಸುಖವಾಗಿ ಬಾಳುತ್ತವೆಂದು ಶ್ಲೋಕ ಹೇಳುತ್ತದೆ. ಎರಡನೆಯ ಮೀನಿಗೂ ಅಲ್ಲಿ ಸ್ಥಾನವಿದೆಯೆಂಬುದು ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಎಷ್ಟೇ ಚೆನ್ನಾಗಿ ಎಣಿಸಿದರೂ ಮಳೆ ನಮ್ಮ ಎಣಿಕೆಗೆ ಬದ್ಧವಲ್ಲ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂದಿತು. ಪತ್ತನಾಜೆಯನ್ನೇ ಕೊನೆಯ ದಿನವೆಂದು ನಂಬಿದವರ ಸೌದೆ ಅಂಗಳದಲ್ಲಿ, ಹಪ್ಪಳ ಚಾಪೆಯ ಮೇಲೆ.

ಹೀಗಾಗಿ ಎರಡು ಎಚ್ಚರಿಕೆಗಳು. ಪ್ರತಿ ಗಡುವನ್ನೂ ಹತ್ತು ದಿನ ಹಿಂದಕ್ಕೆ ತನ್ನಿ. ಒಂದು ದೊಡ್ಡ ಟರ್ಪಾಲ್, ಹಗ್ಗ, ಹತ್ತು ಹೆಚ್ಚುವರಿ ಹಂಚು, ಟಾರ್ಚು, ಇಷ್ಟನ್ನು ಏಪ್ರಿಲ್‌ನಿಂದಲೇ ಕೈಗೆ ಸಿಗುವಂತೆ ಒಂದೇ ಕಡೆ ಇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ನಮ್ಮ ಗಾದೆಯ ಮಾತನ್ನೇ ಭರ್ತೃಹರಿಯೂ ವೈರಾಗ್ಯಶತಕದಲ್ಲಿ ಹೇಳಿದ್ದಾನೆ. ಆದರೆ ಬಾವಿ ಮೊದಲೇ ಇದ್ದ ಮನೆಯಲ್ಲಿಯೂ ಕೊಡಪಾನ ಎಲ್ಲಿದೆಯೆಂದು ಗೊತ್ತಿರಬೇಕಾಗುತ್ತದೆ.

ಕೊನೆಯ ಕೆಲಸವೊಂದು ಉಳಿದಿದೆ, ಅದು ಮಳೆಗಾಲದ ನಡುವಿನಲ್ಲಿಯೇ ಮಾಡಬೇಕಾದುದು. ಯಾವ ಹಂಚಿನ ಸಂದಿಯಿಂದ ನೀರು ತೊಟ್ಟಿಕ್ಕಿತು, ಯಾವ ಕಣಿ ತುಂಬಿ ಅಂಗಳಕ್ಕೆ ಹರಿಯಿತು, ಉಪ್ಪುಸೊಳೆ ಯಾವ ವಾರದಲ್ಲಿ ಮುಗಿಯಿತು, ಎಷ್ಟು ಸೌದೆ ಸಾಲದೆ ಹೋಯಿತು ಎಂಬುದೆಲ್ಲ ಆಟಿಯಲ್ಲಿ ಕಣ್ಣೆದುರಿಗಿರುತ್ತದೆ, ಬಿಸು ಬರುವ ಹೊತ್ತಿಗೆ ಒಂದೂ ನೆನಪಿರುವುದಿಲ್ಲ. ಒಣ ಬಿಸಿಲಿನಲ್ಲಿ ನಿಂತು ಮಾಡನ್ನು ನೋಡಿದರೆ ಎಲ್ಲ ಹಂಚುಗಳೂ ಒಂದೇ ಥರ ಕಾಣುತ್ತವೆ. ಅದಕ್ಕಾಗಿ ಅಟ್ಟದ ಏಣಿಯ ಬಳಿ ಒಂದು ತುಂಡು ಸೀಮೆಸುಣ್ಣವನ್ನು ಇಟ್ಟುಕೊಂಡು, ಸೋರುವ ಜಾಗದ ಕೆಳಗಿನ ಪಕ್ಕಾಸಿಗೆ ಆ ಹೊತ್ತಿನಲ್ಲಿಯೇ ಒಂದು ಗೆರೆ ಎಳೆದುಬಿಡಿ. ಮೇ ತಿಂಗಳಲ್ಲಿ ಮಾಡಿಗೆ ಹತ್ತುವವರಿಗೆ ಆ ಗೆರೆಯನ್ನು ತೋರಿಸಿದರೆ ಸಾಕಾಗುತ್ತದೆ.